ಹೊರಟ ಜಾಗವನ್ನೂ ಅಳೆಯಬೇಕು

ಕೂಡ್ಲಿಗಿಯಲ್ಲಿ ಅಧಿಕಾರದಲ್ಲಿದ್ದಾಗ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಾಲೇಜು ಓಟಗಾರರಲ್ಲಿ ಒಬ್ಬನನ್ನು ಆರಿಸುವ ಹೊಣೆ ಒಮ್ಮೆ ನನಗೆ ಬಂದಿತ್ತು. ಬರಿಗಾಲಿನ ಹುಡುಗ ಕೂದಲೆಳೆಯಷ್ಟು ಹಿಂದಾದ. ಶೂ ತೊಟ್ಟವನ ಹೆಸರಿಗೆ ಸಹಿ ಹಾಕಿದೆ. ಆ ಸಹಿ ನೆನಪಾದಾಗಲೆಲ್ಲ ಬೆಳಗಾವಿಯ ಫಡೆಪ್ಪ ಚೌಗುಲೆ ಕಣ್ಮುಂದೆ ಬರುತ್ತಾರೆ.

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ, ತರಬೇತಿಯಿಲ್ಲದ ಓಟಗಾರರ ಕಸುವನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಅವರ ಪ್ರಯತ್ನದಿಂದ ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೊರಟ ಭಾರತದ ಮೊದಲ ತಂಡದಲ್ಲಿ ಚೌಗುಲೆಯವರೂ ಇದ್ದರು. ಮ್ಯಾರಥಾನ್‌ನಲ್ಲಿ ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ 18 ನಿಮಿಷ ಮುಂದಿದ್ದರು.

ಅಂಕಿಗಳು ಅಷ್ಟನ್ನೇ ಹೇಳುತ್ತವೆ. ಕೊಲೆಮೈನೆನ್ 1912ರಲ್ಲೇ ಮೂರು ಚಿನ್ನ ಗೆದ್ದವರು. ಚೌಗುಲೆಯವರ ಬೆನ್ನಿಗೆ ಅಂಥ ಪರಂಪರೆಯೇನೂ ಇರಲಿಲ್ಲ. ಅಂದಿನ ದಾರಿಯೂ 42.75 ಕಿ.ಮೀ., ಇಂದಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಇವನ್ನೆಲ್ಲ ಬದಿಗಿಟ್ಟು ಪ್ರತಿಭೆಯನ್ನು ತೂಗುವುದು, ನೀರಾವರಿ ಹೊಲದ ಇಳುವರಿಯನ್ನು ಮಳೆಯಾಶ್ರಿತ ಹೊಲದ ಇಳುವರಿಯೊಡನೆ ಹೋಲಿಸಿದಂತೆ.

ಈ ಐದು ತಾಲ್ಲೂಕುಗಳೂ ಇಂದು ವಿಜಯನಗರ ಜಿಲ್ಲೆಯಲ್ಲಿವೆ. ಅಲ್ಲಿನ ಆಯ್ಕೆಗಾರರು ಗಡಿಯಾರದ ಜತೆಗೆ ಹುಡುಗನ ಪಾದಗಳನ್ನೂ ನೋಡಲಿ. ನಾನು ನೋಡಲಿಲ್ಲ.