ಎದುವಾರ್ ಮಿಷೆಲಿನ್

ಗಾಲಿಯು ಮಾನವನ ಅತಿ ಪ್ರಾಚೀನ ಸಾಧನಗಳಲ್ಲೊಂದು. ಸಾವಿರಾರು ವರ್ಷಗಳ ಕಾಲ ಅದು ಮರದ ಒಡಲನ್ನೂ ಕಬ್ಬಿಣದ ಪಟ್ಟಿಯನ್ನೂ ಹೊತ್ತು ಕಲ್ಲುಹಾದಿಗಳಲ್ಲಿ ಗಡಗಡನೆ ಉರುಳುತ್ತ ಬಂದಿತು. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ಗಾಳಿ ತುಂಬಿದ ರಬ್ಬರಿನ ಟಯರಿಗೆ ಪೇಟೆಂಟು ಪಡೆದನು. ಸವಾರಿಯು ಹಿತಕರವಾಯಿತು, ಆದರೆ ಅದರ ಬೆನ್ನಿಗೇ ಹೊಸದೊಂದು ಸಂಕಟವೂ ಬಂದಿತು. ಅಂದಿನ ರಸ್ತೆಗಳಲ್ಲಿ ಕುದುರೆಗಳ ಲಾಳದಿಂದ ಕಳಚಿ ಬಿದ್ದ ಮೊಳೆಗಳು, ಪಾದಚಾರಿಗಳ ಬೂಟುಗಳಿಂದ ಉದುರಿದ ಮೊಳೆಗಳು, ಚೂಪುಗಲ್ಲುಗಳು, ಗಾಜಿನ ಚೂರುಗಳು ಎಲ್ಲೆಲ್ಲೂ ಹರಡಿರುತ್ತಿದ್ದುವು. ಕಬ್ಬಿಣದ ಪಟ್ಟಿಯು ಇವನ್ನು ಲೆಕ್ಕಿಸುತ್ತಿರಲಿಲ್ಲ. ಗಾಳಿಯ ಟಯರಿಗಾದರೋ ಒಂದು ಸಣ್ಣ ಮೊಳೆಯೇ ಸಾಕಾಗಿದ್ದಿತು. ಈ ತೊಡಕನ್ನು ಬಿಡಿಸಲು ತನ್ನ ಬಾಳನ್ನೇ ಮುಡಿಪಾಗಿಟ್ಟವರಲ್ಲಿ ಎದುವಾರ್ ಮಿಷೆಲಿನ್ ಪ್ರಮುಖನು.

ಎದುವಾರನು 1859ರ ಜೂನ್ 23ರಂದು ಪ್ಯಾರಿಸಿನಲ್ಲಿ ಜನಿಸಿದನು. ಅಣ್ಣ ಆಂದ್ರೆ ಅವನಿಗಿಂತ ಆರು ವರ್ಷ ಹಿರಿಯನು. ಎಂಜಿನಿಯರಿಂಗ್ ಶಿಕ್ಷಣ ಪಡೆದವನು. ತಮ್ಮನ ಒಲವು ಬೇರೆಯಾಗಿದ್ದಿತು. ನ್ಯಾಯಶಾಸ್ತ್ರವನ್ನು ಓದಿದರೂ ಅವನ ಮನಸ್ಸು ಬಣ್ಣ ಕುಂಚಗಳಲ್ಲಿ ನೆಲೆಸಿದ್ದಿತು. ಪ್ಯಾರಿಸಿನ ಲಲಿತಕಲಾ ಶಾಲೆಯನ್ನು ಸೇರಿ, ಬೂಗ್ರೋ ಎಂಬ ಹೆಸರಾಂತ ಚಿತ್ರಕಾರನ ಬಳಿ ಅಭ್ಯಾಸ ಮಾಡಿ, ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿಯಲು ನಿಶ್ಚಯಿಸಿದ್ದನು.

ಫ್ರಾನ್ಸಿನ ನಡುನಾಡಿನ ಕ್ಲೆರ್ಮೋಂ-ಫೆರಾಂ ಎಂಬ ಊರಿನಲ್ಲಿ ಅವರ ತಾಯಿಯ ತಂದೆ ಅರಿಸ್ತೀದ್ ಬಾರ್ಬಿಯೆಯು ಬಂಧುವೊಬ್ಬನೊಡನೆ 1832ರಲ್ಲಿ ಆರಂಭಿಸಿದ್ದ ಕಾರ್ಖಾನೆಯೊಂದಿದ್ದಿತು. ಬೇಸಾಯದ ಯಂತ್ರಗಳೂ ರಬ್ಬರಿನ ಚೆಂಡು ಮೊದಲಾದ ಸಾಮಾನುಗಳೂ ಅಲ್ಲಿ ತಯಾರಾಗುತ್ತಿದ್ದುವು. ಕಾಲಾನಂತರದಲ್ಲಿ ಆ ಉದ್ಯಮವು ಕ್ಷೀಣಿಸಿ, ಮುಚ್ಚಿಹೋಗುವ ಸ್ಥಿತಿಗೆ ಬಂದಿತು. 1886ರಲ್ಲಿ ಆಂದ್ರೆಯು ಅದರ ರಕ್ಷಣೆಗೆ ಮುಂದಾದನು. ಆದರೆ ಅವನಿಗೆ ಪ್ಯಾರಿಸಿನಲ್ಲಿ ತನ್ನದೇ ಉದ್ಯೋಗವಿದ್ದಿತು. ಅಣ್ಣನ ಕರೆಗೆ ಓಗೊಟ್ಟು ಎದುವಾರನು ಕುಂಚವನ್ನು ಕೆಳಗಿಟ್ಟು ಕ್ಲೆರ್ಮೋಂ-ಫೆರಾಂಗೆ ಹೊರಟುಬಂದನು. ಒಲಿದ ಕಲೆಯನ್ನು ತೊರೆದು, ಅರಿಯದ ಕಸುಬಿಗೆ ಕೈಹಾಕುವುದು ಸುಲಭದ ಮಾತಾಗಿರಲಿಲ್ಲ. 1889ರಲ್ಲಿ ಸಂಸ್ಥೆಗೆ ಮಿಷೆಲಿನ್ ಎಂಬ ಹೆಸರು ಬಂದಿತು.

ಒಂದು ದಿನ ಸೈಕಲ್ ಸವಾರನೊಬ್ಬನು ತೂತಾದ ಡನ್‌ಲಪ್ ಟಯರಿನೊಡನೆ ಕಾರ್ಖಾನೆಯ ಬಾಗಿಲಿಗೆ ಬಂದನು. ಆಗ ಟಯರನ್ನು ಗಾಲಿಯ ಚೌಕಟ್ಟಿಗೆ ಅಂಟಿನಿಂದ ಭದ್ರವಾಗಿ ಅಂಟಿಸುತ್ತಿದ್ದರು. ಅದನ್ನು ಕಿತ್ತು, ತೂತನ್ನು ಮುಚ್ಚಿ, ಮತ್ತೆ ಅಂಟಿಸುವುದಕ್ಕೆ ಮೂರು ಗಂಟೆಗಳು ಹಿಡಿದುವು. ಅಂಟು ಒಣಗಲು ಇಡೀ ರಾತ್ರಿ ಬೇಕಾಯಿತು. ಮರುದಿನ ಬೆಳಿಗ್ಗೆ ಎದುವಾರನು ತಾನೇ ಆ ಸೈಕಲನ್ನೇರಿ ನೋಡಿದನು. ಕೆಲವು ನೂರು ಮೀಟರು ಸಾಗುವಷ್ಟರಲ್ಲಿ ಟಯರು ಮತ್ತೆ ಗಾಳಿ ಕಳೆದುಕೊಂಡಿತು. ಬೇರೊಬ್ಬನಾಗಿದ್ದರೆ ಇದು ಕೆಲಸಕ್ಕೆ ಬಾರದ ವಸ್ತುವೆಂದು ಬದಿಗೆಸೆಯುತ್ತಿದ್ದನು. ಎದುವಾರನು ಆ ಸ್ವಲ್ಪ ದೂರದಲ್ಲಿಯೇ ಗಾಳಿಯ ಮೇಲೆ ತೇಲುವ ಸುಖವನ್ನು ಕಂಡುಕೊಂಡಿದ್ದನು. ಮುಂದಿನ ಕಾಲವು ಈ ಟಯರಿನದೇ ಎಂಬುದರಲ್ಲಿ ಅವನಿಗೆ ಸಂಶಯವುಳಿಯಲಿಲ್ಲ. ಆದರೆ ಸವಾರನು ನಡುದಾರಿಯಲ್ಲಿ, ಯಾವ ಕುಶಲಕರ್ಮಿಯ ನೆರವೂ ಇಲ್ಲದೆ, ತಾನೇ ಅದನ್ನು ಸರಿಪಡಿಸಿಕೊಳ್ಳುವಂತಾಗಬೇಕು ಎಂಬುದನ್ನೂ ಅವನು ಮನಗಂಡನು.

ಅಲ್ಲಿಂದ ಪ್ರಯೋಗಗಳು ಮೊದಲಾದುವು. 1891ರಲ್ಲಿ ಅವನು ಬಿಚ್ಚಿ ಜೋಡಿಸಬಲ್ಲ ಟಯರಿಗೆ ಪೇಟೆಂಟು ಪಡೆದನು. ಇದರಲ್ಲಿ ಗಾಳಿಯನ್ನು ಹಿಡಿದಿಡುವ ಒಳ ಟ್ಯೂಬು ಬೇರೆ, ಹೊರಗಿನ ಹೊದಿಕೆ ಬೇರೆ. ಹೊದಿಕೆಯು ಅಂಟಿನಿಂದಲ್ಲದೆ ತಿರುಪುಗಳಿಂದ ಚೌಕಟ್ಟಿಗೆ ಬಿಗಿಯಲ್ಪಟ್ಟಿದ್ದಿತು. ಮೊದಲು ಒಂದು ರಾತ್ರಿಯನ್ನೇ ನುಂಗುತ್ತಿದ್ದ ಕೆಲಸವು ಈಗ ಸುಮಾರು ಕಾಲು ಗಂಟೆಯಲ್ಲಿ ಮುಗಿಯುವಂತಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಿಂದ ಬ್ರೆಸ್ಟ್ ಬಂದರಿಗೆ ಹೋಗಿ ಹಿಂದಿರುಗುವ, ಸುಮಾರು 1,200 ಕಿಲೋಮೀಟರುಗಳ ಸೈಕಲ್ ಪಂದ್ಯವು ಏರ್ಪಟ್ಟಿತು. ಮಿಷೆಲಿನ್ ಟಯರುಗಳನ್ನು ತೊಡಿಸಿದ ಸೈಕಲನ್ನೇರಿದ ಶಾರ್ಲ್ ತೆರೋಂ 71 ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ದಾರಿಯನ್ನು ಮುಗಿಸಿ, ಎದುರಾಳಿಗಳನ್ನು ಹಲವು ಗಂಟೆಗಳಷ್ಟು ಹಿಂದೆ ಹಾಕಿದನು.

ಆದರೂ ಜನರ ಅಳುಕು ನೀಗಲಿಲ್ಲ. ಆಗ ಸೋದರರು ವಿಚಿತ್ರವಾದ ಉಪಾಯವೊಂದನ್ನು ಹೂಡಿದರು. 1892ರಲ್ಲಿ ಪ್ಯಾರಿಸಿನಿಂದ ಕ್ಲೆರ್ಮೋಂ-ಫೆರಾಂವರೆಗೆ ತಾವೇ ಪಂದ್ಯವೊಂದನ್ನು ಏರ್ಪಡಿಸಿ, ಹಾದಿಯಲ್ಲಿ ಬೇಕೆಂದೇ ಮೊಳೆಗಳನ್ನು ಚೆಲ್ಲಿಸಿದರು. ಟಯರು ತೂತಾಗುವುದಿಲ್ಲವೆಂದು ಹುಸಿ ಭರವಸೆ ಕೊಡುವುದು ಅವರ ಉದ್ದೇಶವಾಗಿರಲಿಲ್ಲ. ತೂತಾದರೂ ಪ್ರಯಾಣವು ನಿಲ್ಲಬೇಕಾಗಿಲ್ಲ ಎಂಬುದನ್ನು ಎಲ್ಲರ ಕಣ್ಣೆದುರಿಗೆ ತೋರಿಸಿಕೊಡುವುದು ಅವರ ಗುರಿಯಾಗಿದ್ದಿತು.

ಸೈಕಲನ್ನು ಗೆದ್ದ ಬಳಿಕ ಮೋಟಾರಿನ ಸರದಿ ಬಂದಿತು. ಭಾರವಾದ ಬಂಡಿಯನ್ನು ಗಾಳಿಯು ಹೊರಲಾರದೆಂದು ತಜ್ಞರು ನಂಬಿದ್ದ ಕಾಲವದು. 1895ರ ಪ್ಯಾರಿಸ್-ಬೋರ್ದೋ-ಪ್ಯಾರಿಸ್ ಮೋಟಾರು ಪಂದ್ಯದಲ್ಲಿ ಸೋದರರಿಬ್ಬರೂ ತಮ್ಮ ಟಯರುಗಳನ್ನು ಜೋಡಿಸಿದ ಕಾರನ್ನು ತಾವೇ ನಡೆಸಿದರು. ಮಿಂಚು ಎಂಬುದು ಆ ಕಾರಿನ ಹೆಸರು. ದಾರಿಯುದ್ದಕ್ಕೂ ಟಯರುಗಳು ಮತ್ತೆ ಮತ್ತೆ ತೂತಾದುವು. ಇಳಿಯುವುದು, ಬಿಚ್ಚುವುದು, ತೇಪೆ ಹಾಕುವುದು, ಗಾಳಿ ತುಂಬುವುದು, ಮುಂದೆ ಸಾಗುವುದು; ಹೀಗೆ ಅವರು ಎಲ್ಲರಿಗಿಂತ ಕಡೆಯಲ್ಲಿ ಪ್ಯಾರಿಸನ್ನು ಮುಟ್ಟಿದರು. ಬಹುಮಾನವೇನೂ ದೊರೆಯಲಿಲ್ಲ. ಆದರೆ ಗಾಳಿಯ ಮೇಲೆ ಮೋಟಾರು ಓಡಬಲ್ಲುದೆಂಬ ಮಾತು ಸಿದ್ಧವಾಯಿತು. ನಾಲ್ಕೇ ವರ್ಷಗಳ ತರುವಾಯ, 1899ರಲ್ಲಿ, ಬೆಲ್ಜಿಯಮಿನ ಕಮೀಯ್ ಜೆನಾಟ್ಜಿಯು ಮಿಷೆಲಿನ್ ಟಯರುಗಳ ಮೇಲೆ ವಿದ್ಯುತ್ ಕಾರನ್ನು ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿಸಿದನು.

ಎದುವಾರನಲ್ಲಿದ್ದ ಕಲಾವಿದನು ಸತ್ತಿರಲಿಲ್ಲ. 1894ರಲ್ಲಿ ಲಿಯೋಂ ನಗರದ ವಸ್ತುಪ್ರದರ್ಶನದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಟಯರುಗಳನ್ನು ಕಂಡು, ಇದಕ್ಕೆ ತೋಳುಗಳಿದ್ದರೆ ಮನುಷ್ಯನಂತೆಯೇ ಕಾಣುವುದೆಂದು ಅವನು ಅಣ್ಣನಿಗೆ ಹೇಳಿದನು. ಈ ಕಲ್ಪನೆಯಿಂದಲೇ 1898ರಲ್ಲಿ ಜಗತ್ಪ್ರಸಿದ್ಧವಾದ ಟಯರು ಮನುಷ್ಯನ ಚಿತ್ರವು ಮೂಡಿತು. ಆ ಚಿತ್ರದಲ್ಲಿ ಅವನು ಮೊಳೆಗಳೂ ಗಾಜಿನ ಚೂರುಗಳೂ ತುಂಬಿದ ಬಟ್ಟಲನ್ನು ಎತ್ತಿಹಿಡಿದಿದ್ದಾನೆ. ಹಾದಿಯ ವಿಘ್ನಗಳನ್ನೆಲ್ಲ ಟಯರು ಕುಡಿದು ಅರಗಿಸಿಕೊಳ್ಳುವುದೆಂಬುದು ಅದರ ಇಂಗಿತ.

1900ರಲ್ಲಿ ಸೋದರರು ವಾಹನ ಸವಾರರಿಗಾಗಿ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ ಉಚಿತವಾಗಿ ಹಂಚಿದರು. ಊಟ ವಸತಿಗಳ ವಿವರಗಳ ಜೊತೆಗೆ ಟಯರನ್ನು ಬಿಚ್ಚಿ ಸರಿಪಡಿಸುವ ವಿಧಾನವೂ ಅದರಲ್ಲಿದ್ದಿತು. ಮುಂದೆ ಅವರ ಸಂಸ್ಥೆಯು ಕಳಚಿ ಜೋಡಿಸಬಹುದಾದ ಉಕ್ಕಿನ ಗಾಲಿಯನ್ನೂ ಹೊರತಂದಿತು. ದಾರಿಯಲ್ಲಿ ಟಯರಿಗೆ ತೇಪೆ ಹಾಕುತ್ತ ಕುಳ್ಳಿರದೆ, ಗಾಲಿಯನ್ನೇ ಬದಲಾಯಿಸಿ ಹೊರಡುವುದು ಸಾಧ್ಯವಾಯಿತು.

ಸಂಸ್ಥೆಯು ಬೆಳೆದಂತೆ ಎದುವಾರನ ಮನೆಯಲ್ಲಿ ದುಃಖವು ಕವಿಯಿತು. 1931ರಲ್ಲಿ ಅಣ್ಣ ಆಂದ್ರೆ ತೀರಿಕೊಂಡನು. ಮರುವರ್ಷ ಮಗ ಎತಿಯೆನ್ ವಿಮಾನಾಪಘಾತದಲ್ಲಿ ಮಡಿದನು. 1937ರಲ್ಲಿ ಇನ್ನೊಬ್ಬ ಮಗ ಪಿಯೆರ್ ಮೋಟಾರು ಅಪಘಾತಕ್ಕೆ ಬಲಿಯಾದನು. ರಸ್ತೆಯ ಪ್ರಯಾಣವನ್ನು ಸುಗಮಗೊಳಿಸಲು ಹೆಣಗಿದ ತಂದೆಯು ಮಗನನ್ನು ರಸ್ತೆಯಲ್ಲಿಯೇ ಕಳೆದುಕೊಂಡನು. ಇಷ್ಟಾದರೂ ವೃದ್ಧನು ಹೊಣೆಯನ್ನು ಬಿಟ್ಟುಕೊಡಲಿಲ್ಲ. ಫ್ರಾನ್ಸು ಯುದ್ಧದಲ್ಲಿ ಸೋತು ನೊಂದಿದ್ದ 1940ರ ಆಗಸ್ಟ್ 25ರಂದು, ತನ್ನ ಎಂಬತ್ತೊಂದನೆಯ ವಯಸ್ಸಿನಲ್ಲಿ ಅವನು ಕಣ್ಮುಚ್ಚಿದನು.

ಹಾದಿಯಲ್ಲಿರುವ ಮೊಳೆಗಳನ್ನೆಲ್ಲ ಆರಿಸಿ ತೆಗೆಯಲು ಯಾರಿಂದಲೂ ಆಗದು. ಎದುವಾರನು ಅದಕ್ಕಾಗಿ ಕಾಯಲಿಲ್ಲ. ಚುಚ್ಚಿಸಿಕೊಂಡರೂ ಮತ್ತೆ ಉರುಳಬಲ್ಲ ಗಾಲಿಯನ್ನು ಅವನು ಲೋಕಕ್ಕೆ ಕೊಟ್ಟನು. ಅವನ ಬಾಳೂ ಅಂತಹ ಗಾಲಿಯಂತೆಯೇ ಸಾಗಿತು.