ಮರಮಣ್ಣಿನ ದೇವಾಲಯದ ಬೋಧಕರಾದ ಬೆನ್ಯಾಮೀನ್ ಶ್ಮೋಲ್ಕ್

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ಸೀಮೆಗಳಲ್ಲಿ ಹಳೇ ಮಣ್ಣಿನ ಮನೆಗಳನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇರುವದು. ಮಳೆಗಾಲದಲ್ಲಿ ಗೋಡೆಯ ಒಂದು ಪಾಲು ಕುಸಿದು ಬಿದ್ದರೂ ಒಳಗಿನ ಕಂಬ ತೊಲೆಗಳು ಗಟ್ಟಿಯಾಗಿದ್ದರೆ ಮಾಳಿಗೆಯು ಬೀಳದೆ ನಿಲ್ಲುವದು; ಮನೆಯವರು ಹುಲ್ಲು ಬೆರಸಿ ತುಳಿದ ಮಣ್ಣನ್ನು ತಂದು ಆ ಸಂದನ್ನು ಪುನಃ ಮುಚ್ಚುವರು. ಹೀಗೆಯೇ ಮರದಿಂದಲೂ ಮಣ್ಣಿನಿಂದಲೂ ಕಟ್ಟಲ್ಪಟ್ಟ ಒಂದು ದೊಡ್ಡ ದೇವಾಲಯವು ಯೂರೋಪ್ ಖಂಡದ ಸಿಲೇಸಿಯ ಸೀಮೆಯಲ್ಲಿ 1657ರಿಂದ ಈ ದಿನದ ವರೆಗೂ ನಿಂತಿದೆ. ಅದರಲ್ಲಿ 34 ವರುಷ ಸೇವೆಮಾಡಿ, ತಮ್ಮ ಗೀತಗಳಿಂದ ಹೆಸರುಗೊಂಡ ಬೆನ್ಯಾಮೀನ್ ಶ್ಮೋಲ್ಕ್ ಎಂಬ ಬೋಧಕರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಇವರ ಚರಿತ್ರೆಯನ್ನು ತಿಳಿಯಬೇಕಾದರೆ ಮೊದಲು ಆ ದೇವಾಲಯದ ಚರಿತ್ರೆಯನ್ನು ತಿಳಿಯಬೇಕು. ಜರ್ಮನಿ ದೇಶವನ್ನು ಹಾಳುಮಾಡಿದ ಮೂವತ್ತು ವರುಷಗಳ ಯುದ್ಧವು 1648ರಲ್ಲಿ ಸಮಾಧಾನದ ಒಡಂಬಡಿಕೆಯಿಂದ ಮುಗಿಯಿತು. ಸಿಲೇಸಿಯವು ರೋಮಾಯ ಸಭೆಗೆ ಸೇರಿದ ಚಕ್ರವರ್ತಿಯ ಕೈಯಲ್ಲಿತ್ತು. ಅವನ ಸ್ವಂತ ಆಳಿಕೆಗೆ ಒಳಗಾದ ಸೀಮೆಗಳಲ್ಲಿ ಪ್ರೊಟೆಸ್ಟಂಟರ ದೇವಾಲಯಗಳು ಅವರ ಕೈಬಿಟ್ಟು ಹೋದವು. ಇವುಗಳಿಗೆ ಪ್ರತಿಯಾಗಿ ಗ್ಲೋಗೌ, ಯೌವರ್, ಶ್ವೈಡ್ನಿಟ್ಸ್ ಎಂಬ ಮೂರು ಪಟ್ಟಣಗಳ ಬಳಿಯಲ್ಲಿ ಮಾತ್ರ ಒಂದೊಂದು ದೇವಾಲಯವನ್ನು ಕಟ್ಟಿಕೊಳ್ಳಲು ಅಪ್ಪಣೆಯಾಯಿತು. ಆ ಅಪ್ಪಣೆಯ ಷರತ್ತುಗಳನ್ನು ಕೇಳಿರಿ. ಕಲ್ಲನ್ನಾಗಲಿ ಇಟ್ಟಿಗೆಯನ್ನಾಗಲಿ ಉಪಯೋಗಿಸದೆ ಮರ, ಮಣ್ಣು, ಮರಳು, ಹುಲ್ಲು ಇವುಗಳಿಂದಲೇ ಕಟ್ಟಬೇಕು. ಊರ ಗೋಡೆಯ ಹೊರಗೆ, ಫಿರಂಗಿಯ ಗುಂಡು ಹೋಗುವಷ್ಟು ದೂರದಲ್ಲಿ ಇರಬೇಕು. ಗೋಪುರವೂ ಗಂಟೆಯೂ ಇರಬಾರದು. ಒಂದು ವರುಷದೊಳಗೆ ಕೆಲಸವನ್ನು ತೀರಿಸಬೇಕು. ಬಹುಕಾಲ ಉಳಿಯತಕ್ಕ ಕಟ್ಟಡವಾಗಬಾರದೆಂಬುವದೇ ಇದರ ತಾತ್ಪರ್ಯವೆಂದು ಯಾರಾದರೂ ಗ್ರಹಿಸಬಹುದು. ಗ್ಲೋಗೌದ ಸಭೆಯವರು ಮೊದಲು ಕಟ್ಟಿದ ದೇವಾಲಯವು 1654ರಲ್ಲಿ ಬಿರುಗಾಳಿಗೆ ಬಿದ್ದೇ ಹೋಯಿತು.

ಶ್ವೈಡ್ನಿಟ್ಸಿನವರು 1656ನೆಯ ಆಗಸ್ಟ್ ತಿಂಗಳಲ್ಲಿ ಅಸ್ತಿವಾರ ಹಾಕಿ ಮುಂದಿನ ಜೂನ್ ತಿಂಗಳಲ್ಲಿ ಒಳಗೆ ಆರಾಧನೆಮಾಡಿದರು. ಬ್ರೆಸ್ಲೌ ಪಟ್ಟಣದ ಆಲ್‌ಬ್ರೆಕ್ಟ್ ಫಾನ್ ಸೇಬಿಷ್ ಎಂಬ ಶಿಲ್ಪಿಯು ಅದರ ನಕ್ಷೆಯನ್ನು ಬರೆದನು. ಓಕ್ ಮರದ ಕಂಬಗಳನ್ನು ನಿಲ್ಲಿಸಿ, ಅಡ್ಡ ತೊಲೆಗಳನ್ನೂ ಓರೆ ಆಸರೆಗಳನ್ನೂ ಒಂದಕ್ಕೊಂದು ಹೆಣೆದು, ನಡುವಣ ಚೌಕಗಳನ್ನು ಹುಲ್ಲು ಕಲಸಿದ ಮಣ್ಣಿನಿಂದ ತುಂಬಿದರು. ಛಾವಣಿಯ ಭಾರವೆಲ್ಲಾ ಮರದ ಮೇಲೆಯೇ. ಮಣ್ಣು ಗಾಳಿ ಮಳೆಗಳನ್ನು ತಡೆಯುವದಕ್ಕೆ ಮಾತ್ರ. ಹೊರಗಿನಿಂದ ನೋಡಿದರೆ ಇದೊಂದು ದೊಡ್ಡ ಕಣಜವೆಂದು ತೋರುವದು. ಒಳಗಾದರೋ ಸುತ್ತಲೂ ಅಂತಸ್ತಿನ ಮೇಲೆ ಅಂತಸ್ತಾಗಿ ಮರದ ಅಟ್ಟಗಳಿವೆ. ಸುಮಾರು 44 ಮೀಟರ್ ಉದ್ದ, 30 ಮೀಟರ್ ಅಗಲವಾದ ಈ ಸ್ಥಳದಲ್ಲಿ, ಕೂತವರನ್ನೂ ನಿಂತವರನ್ನೂ ಸೇರಿಸಿ, 7,500 ಜನರು ಕೂಡಬಹುದಾಗಿತ್ತು. 1690ರ ನಂತರ ಮೇಲ್ಗಡೆಯ ಹಲಗೆಗಳ ಮೇಲೆ ಪ್ರಕಟನೆ ಪುಸ್ತಕದ ದರ್ಶನಗಳನ್ನು ಚಿತ್ರಿಸಿದರು. ಹೊರಗೆ ಏನನ್ನು ಮಾಡಕೂಡದೋ ಅದನ್ನು ಒಳಗೆ ಮಾಡಿಕೊಂಡರೆನ್ನಬಹುದು.

ಶ್ಮೋಲ್ಕ್‌ರವರು 1672ನೆಯ ಡಿಸೆಂಬರ್ 21ರಲ್ಲಿ ಲೀಗ್ನಿಟ್ಸಿನ ಹತ್ತಿರದ ಬ್ರೌಖಿಚ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯವರು ಆ ಹಳ್ಳಿಯ ಬೋಧಕರು. ಮಗನು ಲೌಬಾನಿನ ಶಾಲೆಯಲ್ಲಿ ಐದು ವರುಷ ಕಲಿತು ಊರಿಗೆ ಬಂದು, 1693ರಲ್ಲಿ ತಂದೆಯ ಬದಲಾಗಿ ಒಂದು ಪ್ರಸಂಗಮಾಡಲು, ಆ ಸಭೆಯ ಪೋಷಕನು ಅದನ್ನು ಕೇಳಿ ಬಹಳವಾಗಿ ಮೆಚ್ಚಿ, ಮೂರು ವರುಷ ದೇವಶಾಸ್ತ್ರವನ್ನು ಓದುವದಕ್ಕೆ ಹಣ ಕೊಟ್ಟನು. ಲೈಪ್ಜಿಗ್ ಪಟ್ಟಣದಲ್ಲಿ ಓದುತ್ತಾ ಇರುವಾಗ ಆ ಹಣವು ಸಾಲದೆ ಹೋದ ಕಡೇ ದಿನಗಳಲ್ಲಿ ಐಶ್ವರ್ಯವಂತರ ಮನೆಗಳಿಗೆ ಪದ್ಯಗಳನ್ನು ಬರೆದುಕೊಟ್ಟು ಜೀವನಮಾಡಿದರು. 1702ನೆಯ ಫೆಬ್ರವರಿ 12ರಲ್ಲಿ ಲೌಬಾನಿನ ಒಬ್ಬ ವರ್ತಕನ ಮಗಳಾದ ಅನ್ನಾ ರೋಸಿನಾ ಎಂಬಾಕೆಯನ್ನು ಮದುವೆಯಾಗಿ, ಆ ವರುಷದ ಕೊನೆಯಲ್ಲಿ ಶ್ವೈಡ್ನಿಟ್ಸಿನ ದೇವಾಲಯಕ್ಕೆ ಸಹಾಯಕ ಬೋಧಕರಾಗಿ ಬಂದರು.

ಆ ಕೆಲಸವು ಎಂಥದ್ದೆಂಬದನ್ನು ಸ್ವಲ್ಪ ಆಲೋಚಿಸಿರಿ. ಸುಮಾರು 36 ಹಳ್ಳಿಗಳಲ್ಲಿ ಚದರಿದ್ದ ಜನರಿಗೆ ಈ ಒಂದೇ ದೇವಾಲಯ, ಮೂವರೇ ಬೋಧಕರು. ಹಳ್ಳಿಯಲ್ಲಿ ಒಬ್ಬ ರೋಗಿಯು ಮರಣಾವಸ್ಥೆಯಲ್ಲಿದ್ದು ಕರ್ತನ ಭೋಜನವನ್ನು ಅಪೇಕ್ಷಿಸಿದರೆ, ಬೋಧಕರು ಎದ್ದು ಹೊರಟುಬಿಡುವ ಹಾಗಿರಲಿಲ್ಲ. ಆ ಸ್ಥಳದ ರೋಮಾಯ ಪಾದ್ರಿಯಿಂದ ಮೊದಲು ಅಪ್ಪಣೆಯನ್ನು ಪಡೆಯಬೇಕಾಗಿತ್ತು. ಅಪ್ಪಣೆಗೂ ಮರಣಕ್ಕೂ ನಡುವೆ ಓಡಾಡುವದೇ ಈ ಬೋಧಕರ ಪಾಡಾಗಿತ್ತು. ಇಂಥಾ ಸ್ಥಳದಲ್ಲಿ ಜಗಳಗಂಟನು ಒಂದು ವರುಷ ನಿಲ್ಲಲಾರನು. ಶ್ಮೋಲ್ಕ್‌ರವರು ಸಭೆಯ ಹಕ್ಕನ್ನು ಬಿಟ್ಟುಕೊಡದೆ, ವಿರೋಧಿಗಳಿಗೂ ಕಾರಣ ಕೊಡದೆ, ಜಾಣತನದಿಂದ ನಡೆದುಕೊಂಡದರಿಂದ 1714ರಲ್ಲಿ ಮುಖ್ಯ ಬೋಧಕರಾಗಿ ನೇಮಕವಾದರು.

ಇವರು ಬಂದ ಐದು ವರುಷಗಳ ಮೇಲೆ ಒಂದು ಬಿಡುಗಡೆಯುಂಟಾಯಿತು. 1707ರಲ್ಲಿ ಸ್ವೀಡನಿನ ಅರಸನಾದ 12ನೆಯ ಚಾರ್ಲ್ಸ್ ಎಂಬವನು ಸಿಲೇಸಿಯದ ಪ್ರೊಟೆಸ್ಟಂಟರ ಪಕ್ಷವಾಗಿ ಚಕ್ರವರ್ತಿಯೊಡನೆ ಒಪ್ಪಂದಮಾಡಿದನು. ಅದರಿಂದ 1708ರಲ್ಲಿ ದೇವಾಲಯದ ಬಳಿಯಲ್ಲಿ ಗಂಟೆಯ ಗೋಪುರವೂ ಒಂದು ಶಾಲೆಯೂ ಎದ್ದವು. ಐವತ್ತು ವರುಷ ಗಂಟೆಯಿಲ್ಲದೆ ಕೂಡಿಬರುತ್ತಿದ್ದ ಸಭೆಯು ಈಗ ತನ್ನ ಸ್ವಂತ ಗಂಟೆಯ ಶಬ್ದವನ್ನು ಕೇಳಿತು.

ಇವರ ಗೀತಗಳ ಮೊದಲನೆಯ ಪುಸ್ತಕವು 1704ರಲ್ಲಿ ಅಚ್ಚಾಯಿತು. ಅಂದಿನಿಂದ ಒಟ್ಟು 900ಕ್ಕೂ ಹೆಚ್ಚು ಗೀತಗಳನ್ನು ರಚಿಸಿದರು. ಮನೆಗಳಲ್ಲಿ ಓದತಕ್ಕ ಪ್ರಾರ್ಥನೆಯ ಪುಸ್ತಕಗಳನ್ನೂ ಬರೆದರು. ಇಷ್ಟು ಬರೆದದರಲ್ಲಿ ಅವಸರದಿಂದ ಹೊರಟವುಗಳೂ ಉಂಟೆಂದು ಒಪ್ಪಲೇಬೇಕು. ಆದರೂ ದೇವಾಲಯದ ಬಾಗಲು ತೆರೆಯಬೇಕೆಂದು ಬೇಡುವ ಅವರ ಆರಾಧನೆಯ ಗೀತವು ಜರ್ಮನ್ ಸಭೆಗಳಲ್ಲಿ ಇಂದಿಗೂ ಹಾಡಲ್ಪಡುತ್ತದೆ. ತನ್ನ ಚಿತ್ತವನ್ನು ಯೇಸುವಿನ ಚಿತ್ತಕ್ಕೆ ಒಪ್ಪಿಸುವ ಇನ್ನೊಂದು ಗೀತವು ಇಂಗ್ಲಿಷಿಗೂ ಹೋಗಿದೆ. ಬೋಧಕನು ಕಾಲಿಡಲಾರದ ಮನೆಗೆ ಅವನ ಪುಸ್ತಕವು ಅಪ್ಪಣೆಯಿಲ್ಲದೆ ಹೋಗಬಲ್ಲದಷ್ಟೆ.

1729ರಲ್ಲಿ ದೇವಾಲಯದಲ್ಲಿ ಹೊಸ ಪ್ರಸಂಗಪೀಠವನ್ನು ಇಟ್ಟರು. ಮರುವರುಷ, ಶ್ರಮೆಯ ವಾರಗಳ ಒಂದು ಭಾನುವಾರದಲ್ಲಿ, ಇವರಿಗೆ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಇನ್ನೂ ಐದು ವರುಷ ಸೇವೆಯನ್ನು ನಡಿಸಿ, 1735ರ ಒಂದು ಉಪವಾಸದ ದಿನದಲ್ಲಿ ಕಡೇ ಪ್ರಸಂಗವನ್ನು ಮಾಡಿದರು. ಪಾರ್ಶ್ವವಾಯು ಮತ್ತೆ ಎರಡು ಸಾರಿ ಬಂತು. ಎರಡು ಕಣ್ಣುಗಳಿಗೂ ಪೊರೆ ಬೆಳೆಯಿತು. ವೈದ್ಯನು ಶಸ್ತ್ರದಿಂದ ಅದನ್ನು ತೆಗೆದಾಗ ಕೆಲವು ಕಾಲ ಕಂಡಿತು, ಬಳಿಕ ಪೂರ್ತಿಯಾಗಿ ಕತ್ತಲೆಯಾಯಿತು. ಕಡೇ ತಿಂಗಳುಗಳನ್ನು ಹಾಸಿಗೆಯಲ್ಲಿಯೇ ಕಳೆದು, 1737ನೆಯ ಫೆಬ್ರವರಿ 12ರಲ್ಲಿ, ಮದುವೆಯಾಗಿ ಸರಿಯಾಗಿ 35 ವರುಷ ತುಂಬಿದ ದಿನದಲ್ಲಿ, ಕರ್ತನಲ್ಲಿ ನಿದ್ರೆಹೋದರು.

ಗ್ಲೋಗೌದವರು ಮತ್ತೆ ಕಟ್ಟಿದ ದೇವಾಲಯವು 1758ರಲ್ಲಿ ಸುಟ್ಟುಹೋಯಿತು. ಯೌವರಿನದೂ ಶ್ವೈಡ್ನಿಟ್ಸಿನದೂ ಉಳಿದಿವೆ. 1945ರ ಮೇಲೆ ಆ ಸೀಮೆಯು ಪೋಲೆಂಡಿಗೆ ಸೇರಿ, ಪಟ್ಟಣಕ್ಕೆ ಶ್ವಿದ್ನಿತ್ಸ ಎಂದು ಹೆಸರಾಯಿತು. ಅಲ್ಲಿದ್ದ ಜರ್ಮನರು ಹೊರಟುಹೋಗಬೇಕಾಯಿತು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಇವೆರಡನ್ನೂ ಲೋಕದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಶ್ಮೋಲ್ಕ್‌ರವರು ಸೇವೆಮಾಡಿದ ಆ ಅಟ್ಟಗಳ ಕೆಳಗೆ ಈಗ ಪೋಲಿಷ್ ಭಾಷೆಯವರ ಒಂದು ಸಣ್ಣ ಲುಥೆರನ್ ಸಭೆಯು ಕೂಡಿಬರುತ್ತದೆ.