ಮಹಾವೀರಾಚಾರ್ಯ: ಪಿಯುಸಿ ಸಂಭವನೀಯತೆ ಲೆಕ್ಕದ ಹಿಂದಿರುವ ಕನ್ನಡ ನಾಡಿನ ಗಣಿತಜ್ಞ

ತಿಲಕ್ ನಗರ, ಜಯನಗರದ ಕಡೆ ಸಂಜೆ ಟ್ಯೂಷನ್‌ಗೆ ಹೋಗುವ ಪಿಯುಸಿ ವಿದ್ಯಾರ್ಥಿಗಳನ್ನು ಗಣಿತದಲ್ಲಿ ಯಾವ ಪಾಠ ಕಷ್ಟ ಎಂದು ಕೇಳಿ ನೋಡಿ. ಸಂಭವನೀಯತೆ ಎನ್ನುವವರು ಹಲವರು ಸಿಗುತ್ತಾರೆ. ಆದರೆ ಅವರು ಬಿಟ್ಟ ಲೆಕ್ಕಗಳನ್ನು ಬಿಡಿಸಿ ನೋಡಿದರೆ ಬೇರೆಯದೇ ವಿಷಯ ಕಾಣುತ್ತದೆ. ಅನುಕೂಲ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸುವುದು ಎಲ್ಲರಿಗೂ ಗೊತ್ತು. ಆ ಎರಡು ಸಂಖ್ಯೆಗಳನ್ನು ಎಣಿಸುವಾಗಲೇ ಕೈ ತಪ್ಪುವುದು. ಅಂದರೆ ತೊಡಕಿರುವುದು ಹೆಚ್ಚಾಗಿ ಸಂಭವನೀಯತೆಯಲ್ಲಲ್ಲ, ಎಣಿಕೆಯಲ್ಲಿ.

ಈ ಎಣಿಕೆಯ ನಿಯಮವನ್ನು ಸುಮಾರು 1,170 ವರ್ಷಗಳ ಹಿಂದೆ ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಒಬ್ಬರು ನಮ್ಮ ನಾಡಿನವರೇ ಆದ ಮಹಾವೀರಾಚಾರ್ಯ. ಅವರು ಏನು ಮಾಡಿದರು, ಏನು ಮಾಡಲಿಲ್ಲ ಎಂಬ ಎರಡನ್ನೂ ತಿಳಿದರೆ ಪಿಯುಸಿ ಲೆಕ್ಕವೂ ಸ್ವಲ್ಪ ಹಗುರವಾಗುತ್ತದೆ, ಪ್ರಾಚೀನ ಭಾರತದಲ್ಲಿ ಎಲ್ಲವೂ ಗೊತ್ತಿತ್ತು ಎಂದು ಬರುವ ವಾಟ್ಸಾಪ್ ಸಂದೇಶಗಳನ್ನು ಅಳೆಯಲೂ ಒಂದು ಅಳತೆಗೋಲು ಸಿಗುತ್ತದೆ.

ನೃಪತುಂಗನ ಕಾಲದ ಗಣಿತಜ್ಞ

ಮಹಾವೀರಾಚಾರ್ಯರ ಜೀವನದ ಬಗ್ಗೆ ನಮಗಿರುವ ಮುಖ್ಯ ಸಾಕ್ಷಿ ಅವರ ಪುಸ್ತಕವೇ. ಅದರ ಹೆಸರು ಗಣಿತಸಾರಸಂಗ್ರಹ, ಭಾಷೆ ಸಂಸ್ಕೃತ, ಕಾಲ ಸುಮಾರು ಕ್ರಿ.ಶ. 850. ಆರಂಭದ ಪದ್ಯಗಳಲ್ಲಿ ಅವರು ಜೈನ ತೀರ್ಥಂಕರ ಮಹಾವೀರನಿಗೆ ವಂದಿಸುತ್ತಾರೆ, ಆಮೇಲೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾರೆ. ಇದರಿಂದ ಅವರು ಜೈನರು, ನೃಪತುಂಗನ ಕಾಲದವರು ಎಂದು ತಿಳಿಯುತ್ತದೆ.

ನೃಪತುಂಗ ಆಳಿದ್ದು ಕ್ರಿ.ಶ. 814ರಿಂದ 878ರವರೆಗೆ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದೂ ಇದೇ ಆಸ್ಥಾನದಲ್ಲಿ. ಕಾವ್ಯ ಹೇಗೆ ಬರೆಯಬೇಕು ಎಂದು ಕನ್ನಡದಲ್ಲಿ ಚರ್ಚೆ ನಡೆಯುತ್ತಿದ್ದ ಕಾಲದಲ್ಲೇ ಲೆಕ್ಕ ಹೇಗೆ ಮಾಡಬೇಕು ಎಂಬುದೂ ಒಂದು ಪುಸ್ತಕವಾಯಿತು.

ಅದಕ್ಕೂ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರ ಪ್ರಸಿದ್ಧ ಗ್ರಂಥಗಳಲ್ಲಿ ಗಣಿತವು ಖಗೋಳಶಾಸ್ತ್ರದ ಒಂದು ಭಾಗವಾಗಿ ಬರುತ್ತದೆ. ಮಹಾವೀರಾಚಾರ್ಯರ ಗ್ರಂಥದಲ್ಲಿ ಇರುವುದು ಗಣಿತ ಮಾತ್ರ. ಅದರಲ್ಲಿ ಒಂಬತ್ತು ಅಧ್ಯಾಯಗಳು, ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳು. ಮೊದಲ ಅಧ್ಯಾಯದಲ್ಲೇ ಅವರು ಗಣಿತ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಮಾಡುತ್ತಾರೆ: ಸಂಗೀತ, ನಾಟಕ, ಅಡುಗೆ, ವೈದ್ಯ, ಮನೆ ಕಟ್ಟುವ ವಿದ್ಯೆ, ಛಂದಸ್ಸು, ವ್ಯಾಕರಣ, ಗ್ರಹಣದ ಲೆಕ್ಕ, ಹೀಗೆ. ಗಣಿತ ಯಾವುದಕ್ಕೆ ಉಪಯೋಗ ಎಂದು ಮಕ್ಕಳು ಇಂದು ಕೇಳುವ ಪ್ರಶ್ನೆಗೆ ಅಂದೇ ಕೊಟ್ಟ ಉತ್ತರದ ಹಾಗಿದೆ ಈ ಪಟ್ಟಿ.

ಲೆಕ್ಕಗಳಲ್ಲೂ ದಿನನಿತ್ಯದ ಬದುಕೇ ತುಂಬಿದೆ. ಹಣ್ಣು ಹಂಚುವುದು, ಬಡ್ಡಿ, ಚಿನ್ನದ ಮಿಶ್ರಣ, ಪ್ರಣಯಕಲಹದಲ್ಲಿ ಹರಿದುಹೋದ ಮುತ್ತಿನ ಹಾರ, ಎಲ್ಲವೂ ಪ್ರಶ್ನೆಗಳಾಗುತ್ತವೆ.

ಆರು ರುಚಿಗಳ ಲೆಕ್ಕ

ಮಿಶ್ರಕ ವ್ಯವಹಾರ ಎಂಬ ಅಧ್ಯಾಯದಲ್ಲಿ ನಮಗೆ ಬೇಕಾದ ನಿಯಮವಿದೆ. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ ಪ್ರಶ್ನೆಗೆ ಅದು ಉತ್ತರ. ಪಿಯುಸಿಯಲ್ಲಿ ಇದನ್ನೇ ವಿಕಲ್ಪ ಎನ್ನುತ್ತೇವೆ, ಎನ್‌ಸಿಆರ್ ಎಂದು ಬಾಯಿಪಾಠ ಮಾಡುತ್ತೇವೆ.

ಅವರು ಕೊಡುವ ಉದಾಹರಣೆಗಳಲ್ಲಿ ಒಂದು ಷಡ್ರಸಗಳದ್ದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳನ್ನು ಬೆರೆಸಿದರೆ ಎಷ್ಟು ಬಗೆಯ ಮಿಶ್ರಣಗಳಾಗುತ್ತವೆ?

ನಿಯಮ ಸರಳ. 1, 2, 3, 4, 5, 6 ಎಂದು ಏರುವ ಕ್ರಮದಲ್ಲಿ ಕೆಳಗೆ ಬರೆಯಿರಿ. ಅದರ ಮೇಲೆ 6, 5, 4, 3, 2, 1 ಎಂದು ಇಳಿಯುವ ಕ್ರಮದಲ್ಲಿ ಬರೆಯಿರಿ. ಎಷ್ಟು ರುಚಿ ಬೆರೆಸಬೇಕೋ ಅಷ್ಟು ಸಂಖ್ಯೆಗಳನ್ನು ಎಡದಿಂದ ತೆಗೆದುಕೊಳ್ಳಿ. ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಿ.

ಒಂದೇ ರುಚಿ: 6 ÷ 1 = 6.
ಎರಡು ರುಚಿ: (6 × 5) ÷ (1 × 2) = 15.
ಮೂರು ರುಚಿ: (6 × 5 × 4) ÷ (1 × 2 × 3) = 20.

ಹೀಗೇ ಮುಂದುವರಿದರೆ ನಾಲ್ಕಕ್ಕೆ 15, ಐದಕ್ಕೆ 6, ಆರಕ್ಕೆ 1. ಒಟ್ಟು 63.

ಭಾಗಿಸುವುದು ಯಾಕೆ? ಇದನ್ನು ಅರ್ಥ ಮಾಡಿಕೊಂಡರೆ ಸೂತ್ರ ಮರೆತರೂ ಚಿಂತೆಯಿಲ್ಲ. ಮೊದಲ ರುಚಿಯನ್ನು 6 ಬಗೆಯಲ್ಲಿ, ಎರಡನೆಯದನ್ನು ಉಳಿದ 5 ಬಗೆಯಲ್ಲಿ ಆರಿಸಬಹುದು. ಗುಣಿಸಿದರೆ 30. ಆದರೆ ಸಿಹಿ ಆಮೇಲೆ ಹುಳಿ, ಹುಳಿ ಆಮೇಲೆ ಸಿಹಿ ಎರಡೂ ಒಂದೇ ಮಿಶ್ರಣ. ಪ್ರತಿ ಜೋಡಿಯನ್ನೂ ಎರಡು ಸಲ ಎಣಿಸಿದ್ದೇವೆ, ಆದ್ದರಿಂದ 2ರಿಂದ ಭಾಗಿಸಬೇಕು. ಮೂರು ರುಚಿಗಳಾದರೆ ಒಂದೇ ಗುಂಪು ಆರು ಕ್ರಮಗಳಲ್ಲಿ ಬರುತ್ತದೆ, ಅಲ್ಲಿ 6ರಿಂದ ಭಾಗಿಸಬೇಕು. ಕ್ರಮ ಮುಖ್ಯವಾದರೆ ಭಾಗಿಸುವಂತಿಲ್ಲ, ಅದು ಕ್ರಮಯೋಜನೆ. ಕ್ರಮ ಮುಖ್ಯವಲ್ಲದಿದ್ದರೆ ಭಾಗಿಸಬೇಕು, ಅದು ವಿಕಲ್ಪ. ಪರೀಕ್ಷೆಯಲ್ಲಿ ಮಕ್ಕಳು ಗೊಂದಲಕ್ಕೆ ಬೀಳುವುದು ಬಹುತೇಕ ಇಲ್ಲೇ.

ಷಡ್ರಸಗಳ ಮಿಶ್ರಣ 63 ಎಂಬುದು ಚರಕ, ಸುಶ್ರುತರ ಆಯುರ್ವೇದ ಗ್ರಂಥಗಳಲ್ಲಿ ಮೊದಲೇ ಇತ್ತು. ಶ್ರೀಧರಾಚಾರ್ಯರ ಪಾಟೀಗಣಿತದಲ್ಲೂ ಇದೇ ಬಗೆಯ ನಿಯಮವಿದೆ. ಇವರಿಬ್ಬರಲ್ಲಿ ಯಾರು ಮೊದಲು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾಗಾಗಿ ವಿಕಲ್ಪದ ಸೂತ್ರವನ್ನು ಕಂಡುಹಿಡಿದವರು ಮಹಾವೀರಾಚಾರ್ಯರೇ ಎಂದು ಖಡಾಖಂಡಿತವಾಗಿ ಹೇಳುವುದಕ್ಕಿಂತ, ಯಾವುದೇ ಸಂಖ್ಯೆಯ ವಸ್ತುಗಳಿಗೂ ಹೊಂದುವ ನಿಯಮವನ್ನು ಸ್ಪಷ್ಟವಾಗಿ ಬರೆದ ಮೊದಲಿಗರಲ್ಲಿ ಅವರೊಬ್ಬರು ಎನ್ನುವುದು ಸರಿ. ಯೂರೋಪಿನಲ್ಲಿ ಇದೇ ಸಾಮಾನ್ಯ ನಿಯಮ ಫ್ರಾನ್ಸಿನ ಪಿಯರ್ ಎರಿಗೋನ್ ಅವರ ಪುಸ್ತಕದಲ್ಲಿ ಅಚ್ಚಾಗಿದ್ದು 1634ರಲ್ಲಿ.

ಹಾರದಿಂದ ಸಂಭವನೀಯತೆಗೆ

ಅವರ ಇನ್ನೊಂದು ಉದಾಹರಣೆ ಒಂದೆಳೆ ಹಾರದ್ದು. ವಜ್ರ, ನೀಲ, ಪಚ್ಚೆ, ಹವಳ, ಮುತ್ತು ಎಂಬ ಐದು ಬಗೆಯವುಗಳಿಂದ ಎಷ್ಟು ತರಹದ ಹಾರ ಮಾಡಬಹುದು? ಅದೇ ನಿಯಮ ಹಾಕಿದರೆ 5 + 10 + 10 + 5 + 1 = 31. ಮತ್ತೊಂದರಲ್ಲಿ ಕೇದಗೆ, ಅಶೋಕ, ಸಂಪಿಗೆ, ನೈದಿಲೆ ಹೂಗಳ ಮಾಲೆ ಬರುತ್ತದೆ. ಅದರ ಉತ್ತರ 15.

ಈಗ ಆ ಹಾರದ ಪ್ರಶ್ನೆಯನ್ನು ಪಿಯುಸಿ ಪ್ರಶ್ನೆಯಾಗಿ ಬದಲಿಸೋಣ. ಪೆಟ್ಟಿಗೆಯಲ್ಲಿ ಈ ಐದರಲ್ಲಿ ಒಂದೊಂದು ಇದೆ. ಕಣ್ಣು ಮುಚ್ಚಿ ಎರಡನ್ನು ತೆಗೆದರೆ ಅದರಲ್ಲಿ ಮುತ್ತು ಇರುವ ಸಂಭವನೀಯತೆ ಎಷ್ಟು? ಒಟ್ಟು ಜೋಡಿಗಳು 10. ಮುತ್ತಿನ ಜೊತೆ ಉಳಿದ ನಾಲ್ಕರಲ್ಲಿ ಒಂದು ಬರಬೇಕು, ಅಂಥ ಜೋಡಿಗಳು 4. ಉತ್ತರ 4/10, ಅಂದರೆ 2/5.

ಮಹಾವೀರಾಚಾರ್ಯರ ನಿಯಮ ನಮ್ಮನ್ನು 10 ಮತ್ತು 4ರವರೆಗೆ ಕರೆತರುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿ ಅದನ್ನು ಅವಕಾಶದ ಅಳತೆ ಎಂದು ಕರೆಯುವ ಹೆಜ್ಜೆ ಅವರ ಗ್ರಂಥದಲ್ಲಿಲ್ಲ. ಆ ಹೆಜ್ಜೆ ಒಂದು ಗಣಿತಶಾಖೆಯಾಗಿ ಬೆಳೆಯಲು ಆರಂಭಿಸಿದ್ದು 1654ರಲ್ಲಿ, ಫ್ರಾನ್ಸಿನ ಪ್ಯಾಸ್ಕಲ್ ಮತ್ತು ಫರ್ಮಾ ಜೂಜಿನ ಒಂದು ಸಮಸ್ಯೆಯ ಬಗ್ಗೆ ಪರಸ್ಪರ ಪತ್ರ ಬರೆದಾಗ.

ಎಣಿಕೆ ಗೊತ್ತಿದ್ದರೆ ಸಂಭವನೀಯತೆ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಒಂದು ಕಾರಣವಿದೆ. ಎಣಿಸಿದ ಫಲಿತಗಳೆಲ್ಲ ಸಮಾನ ಅವಕಾಶ ಉಳ್ಳವೇ ಎಂದು ಮೊದಲು ಕೇಳಿಕೊಳ್ಳಬೇಕು. ಎರಡು ನಾಣ್ಯ ಚಿಮ್ಮಿದರೆ ತಲೆಗಳ ಸಂಖ್ಯೆ 0, 1 ಅಥವಾ 2. ಮೂರು ಫಲಿತ ಇದೆಯೆಂದು ಪ್ರತಿಯೊಂದಕ್ಕೂ 1/3 ಕೊಟ್ಟರೆ ತಪ್ಪು. ಒಂದೇ ತಲೆ ಬೀಳುವುದು ಎರಡು ಬಗೆಯಲ್ಲಿ, ಉಳಿದವು ಒಂದೊಂದೇ ಬಗೆಯಲ್ಲಿ. ಆದ್ದರಿಂದ 1/4, 2/4, 1/4. ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಾಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಇದೇ ಜಾತಿಯ ತಪ್ಪು ಮಾಡಿ, ಎರಡು ಎಸೆತಗಳಲ್ಲಿ ಒಂದು ಸಲವಾದರೂ ತಲೆ ಬೀಳುವ ಅವಕಾಶ 3/4ರ ಬದಲು 2/3 ಎಂದು ವಾದಿಸಿದ್ದರು. ಈ ಲೆಕ್ಕದಲ್ಲಿ ಎಡವಿದ ವಿದ್ಯಾರ್ಥಿ ದಡ್ಡನಲ್ಲ.

ಸೊನ್ನೆಯಲ್ಲಿ ಆದ ತಪ್ಪು

ಮಹಾವೀರಾಚಾರ್ಯರೂ ಎಲ್ಲದರಲ್ಲೂ ಸರಿಯಾಗಿರಲಿಲ್ಲ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಅವರು ಬರೆದದ್ದು ಅವರಿಗೆ ಗೊತ್ತಿದ್ದ ಸಂಖ್ಯೆಗಳ ಮಟ್ಟಿಗೆ ಸರಿ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂಬುದೂ ಸರಿ. ಆದರೆ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದೂ ಅವರು ಹೇಳಿದರು. ಇದು ತಪ್ಪು. ಇಂದಿನ ಗಣಿತದಲ್ಲಿ ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವೇ ಇಲ್ಲ.

ಇದರ ನೆರಳು ದ್ವಿತೀಯ ಪಿಯುಸಿಯಲ್ಲೂ ಇದೆ. ಷರತ್ತಿನ ಸಂಭವನೀಯತೆಯ ಸೂತ್ರದ ಪಕ್ಕದಲ್ಲಿ, ಷರತ್ತಾಗಿರುವ ಘಟನೆಯ ಸಂಭವನೀಯತೆ ಸೊನ್ನೆ ಆಗಿರಬಾರದು ಎಂಬ ಸಣ್ಣ ಟಿಪ್ಪಣಿ ಇರುತ್ತದೆ. ಮಕ್ಕಳು ಅದನ್ನು ಓದದೆ ದಾಟುತ್ತಾರೆ. ಆ ಟಿಪ್ಪಣಿ ಕಾಯುತ್ತಿರುವುದು ಇದೇ ಗುಂಡಿಯನ್ನು. ಎಂದೂ ನಡೆಯದ ಘಟನೆ ನಡೆದಿದೆ ಎಂದುಕೊಂಡು ಮುಂದಿನ ಲೆಕ್ಕ ಹಾಕಲಾಗದು.

ಪುಸ್ತಕ ಉಳಿದು ಬಂದ ದಾರಿ

ಗಣಿತಸಾರಸಂಗ್ರಹ ದಕ್ಷಿಣ ಭಾರತದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಹನ್ನೆರಡನೇ ಶತಮಾನದಲ್ಲಿ ಕನ್ನಡದಲ್ಲೇ ವ್ಯವಹಾರಗಣಿತ ಬರೆದ ರಾಜಾದಿತ್ಯನೂ ಜೈನ ಗಣಿತದ ಇದೇ ಪರಂಪರೆಯವನು.

ಆಮೇಲೆ ಗ್ರಂಥ ತಾಳೆಗರಿಗಳಲ್ಲಿ ಉಳಿಯಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಹಲವು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಪ್ರತಿಗಳಲ್ಲಿ ಒಂದು ಮೂಡಬಿದಿರೆಯ ಜೈನ ಮಠದ ತಾಳೆಗರಿಯ ನಕಲು. ಅದಕ್ಕೂ ಮೊದಲೇ, 1908ರಲ್ಲಿ ರೋಮ್‌ನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಈ ಕೃತಿಯ ಪರಿಚಯ ಮಾಡಿಕೊಟ್ಟಿದ್ದರು. 2000ದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು.

ಹಾಗಾದರೆ ನಿಜ ಏನು?

ಸಂಭವನೀಯತೆಯನ್ನು ಭಾರತದಲ್ಲೇ ಕಂಡುಹಿಡಿದರು ಎಂಬುದು ತಪ್ಪು. ಅದು ಪೂರ್ತಿ ಪಶ್ಚಿಮದ ಕೊಡುಗೆ, ನಮ್ಮವರಿಗೆ ಏನೂ ಗೊತ್ತಿರಲಿಲ್ಲ ಎಂಬುದೂ ತಪ್ಪು. ಸಂಭವನೀಯತೆ ನಿಂತಿರುವ ನೆಲಗಟ್ಟಿನ ಒಂದು ದೊಡ್ಡ ಕಲ್ಲು ಎಣಿಕೆ. ಆ ಕಲ್ಲನ್ನು ರಾಷ್ಟ್ರಕೂಟರ ಕಾಲದಲ್ಲೇ ನಮ್ಮ ನೆಲದಲ್ಲಿ ಕಡೆದು ಸಿದ್ಧಪಡಿಸಿದ್ದರು.

ಆ ಎಣಿಕೆ ಇಂದು ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲ, ಜೇಬಿಗೂ ಸಂಬಂಧಿಸಿದ್ದು. 2025ರವರೆಗೆ ಹಣ ಕಟ್ಟಿ ಆಡುತ್ತಿದ್ದ ಫ್ಯಾಂಟಸಿ ಕ್ರಿಕೆಟ್‌ನ ಉದಾಹರಣೆ ತೆಗೆದುಕೊಳ್ಳಿ. ಎರಡು ತಂಡಗಳ 22 ಆಟಗಾರರಲ್ಲಿ 11 ಜನರನ್ನು ಆರಿಸಬೇಕಿತ್ತು. ಆಟದ ಇತರ ನಿಯಮಗಳನ್ನು ಬದಿಗಿಟ್ಟರೆ, ಷಡ್ರಸಗಳಿಗೆ ಹಾಕಿದ ಅದೇ ಲೆಕ್ಕದಿಂದ 7,05,432 ತಂಡಗಳಾಗುತ್ತವೆ. ಪ್ರತಿ ತಂಡದಲ್ಲೂ ನಾಯಕ, ಉಪನಾಯಕರನ್ನು 11 × 10 = 110 ಬಗೆಯಲ್ಲಿ ಆರಿಸಬಹುದು. ಇಲ್ಲಿ ಕ್ರಮ ಮುಖ್ಯ, ಹಾಗಾಗಿ ಭಾಗಿಸಿಲ್ಲ. ಒಟ್ಟು 7,75,97,520. ಆಟದ ಬಗ್ಗೆ ತಿಳಿದವರು ಇದರಲ್ಲಿ ಬಹಳಷ್ಟನ್ನು ಬಿಟ್ಟುಬಿಡಬಹುದು, ನಿಜ. ಆದರೂ ಮೊದಲ ಬಹುಮಾನ ಇನ್ನೇನು ಕೈಗೆ ಬಂತು ಎನ್ನುವ ಜಾಹೀರಾತು ನೋಡಿದಾಗ ಈ ಸಂಖ್ಯೆ ನೆನಪಿನಲ್ಲಿರಲಿ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಮೂರು ಪ್ರಶ್ನೆಗಳು. ಲೆಕ್ಕ ಕೈಗೆತ್ತಿಕೊಂಡ ಕೂಡಲೇ ಸೂತ್ರ ಹುಡುಕಬೇಡಿ. ನಾನು ಏನನ್ನು ಎಣಿಸುತ್ತಿದ್ದೇನೆ? ಕ್ರಮ ಬದಲಾದರೆ ಅದು ಬೇರೆ ಫಲಿತವೇ, ಅದೇ ಫಲಿತವೇ? ಎಣಿಸಿದವೆಲ್ಲ ಸಮಾನ ಅವಕಾಶ ಉಳ್ಳವೇ? ಮೊದಲ ಎರಡಕ್ಕೆ ಉತ್ತರಿಸಲು ಮಹಾವೀರಾಚಾರ್ಯರ ಆರು ರುಚಿಗಳು ಸಾಕು. ಮೂರನೆಯದಕ್ಕೆ ಎರಡು ನಾಣ್ಯಗಳನ್ನು ನೆನೆಸಿಕೊಳ್ಳಿ. ಮೂರಕ್ಕೂ ಉತ್ತರ ಸಿಕ್ಕಿತೆಂದರೆ ಉಳಿಯುವುದು ಒಂದು ಭಾಗಾಕಾರ ಮಾತ್ರ.